ಗ್ಲೋರಿಯಾ ಆಂಟಿಯ ಬಲಗೈ

ಹೋದ ಗುರುವಾರ ಅಡಿಲೇಡ್‌ನ ಮಾಡ್ಬರಿಯ ನಮ್ಮ ಕ್ಲಿನಿಕ್ಕಿನಲ್ಲಿ ಒಬ್ಬ ತಾತನ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕುತ್ತಿದ್ದೆ. ಈಗೆಲ್ಲ ಫೈಬರ್‌ಗ್ಲಾಸ್ ಪಟ್ಟಿ ಬಂದಿದೆ, ಆದರೆ ಅವತ್ತು ಅದು ಮುಗಿದುಹೋಗಿತ್ತು. ನರ್ಸ್ ಕಪಾಟಿನ ಮೂಲೆಯಿಂದ ಹಳೆಯ ಬಿಳಿ ಪ್ಲಾಸ್ಟರಿನ ಸುರುಳಿ ಹುಡುಕಿ ತಂದಳು. ಬೆಚ್ಚಗಿನ ನೀರಿಗೆ ಅದ್ದಿದ ಕೂಡಲೇ ಹಸಿ ಸುಣ್ಣದಂಥ ವಾಸನೆ ಎದ್ದಿತು. ನನ್ನ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ತಾತ ಮಾತ್ರ ನನ್ನ ಮುಖ ನೋಡಿ, "ನೋವಿರೋದು ನನಗೆ ಡಾಕ್ಟರ್, ನೀವ್ಯಾಕೆ ಹಲ್ಲು ಕಚ್ಚಿಕೊಂಡಿದ್ದೀರಿ?" ಎಂದ.

ಹಲ್ಲು ಕಚ್ಚಿಕೊಂಡದ್ದು ನನಗೇ ಗೊತ್ತಾಗಿರಲಿಲ್ಲ. ಆ ವಾಸನೆ ಬಂದರೆ ನನಗೆ ಪರ್ತ್‌ನ ಆ ಒಂದು ವರ್ಷ ನೆನಪಾಗುತ್ತದೆ. ನೆನಪಾದರೆ ಸಿಟ್ಟು ಬರುತ್ತದೆ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೇ.

ಮೈಸೂರಿನಿಂದ ನಾವು ಪರ್ತ್‌ಗೆ ಬಂದಿಳಿದದ್ದು ಒಂದು ಜನವರಿಯಲ್ಲಿ. ನನ್ನ ಗಂಡ ಸುಹಾಸ್‌ಗೆ ಸಾಫ್ಟ್‌ವೇರ್ ಕೆಲಸ, ನನಗೆ ಒಂದು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಒಂದು ವರ್ಷದ ಹುದ್ದೆ. ಮೋರ್ಲಿಯ ಶಾಪಿಂಗ್ ಸೆಂಟರಿನ ಹಿಂದಿನ ಬೀದಿಯಲ್ಲಿ ಎರಡು ರೂಮಿನ ಮನೆ ಹಿಡಿದೆವು. ಬೆಳಗ್ಗೆ ಒಳನಾಡಿನ ಕಡೆಯಿಂದ ಬರುವ ಬಿಸಿಗಾಳಿಗೆ ಬಾಗಿಲ ಹಿಡಿ ಮುಟ್ಟಿದರೂ ಕೈ ಸುಡುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಸಮುದ್ರದ ಗಾಳಿ ಬೀಸಿದರೆ ಊರಿಗೆ ಊರೇ ಉಸಿರು ಬಿಡುತ್ತಿತ್ತು. ಅಲ್ಲಿಯ ಜನ ಆ ಗಾಳಿಯನ್ನೇ 'ಡಾಕ್ಟರ್' ಅನ್ನುತ್ತಾರೆ. "ನಿನಗಿಂತ ಅದೇ ವಾಸಿ, ಹೇಳಿದ ಟೈಮಿಗೆ ಬರುತ್ತೆ" ಎಂದು ಸುಹಾಸ್ ರೇಗಿಸುತ್ತಿದ್ದ.

ಜೂಲಿಯನ್ನು ಮೊದಲು ನೋಡಿದ್ದು ಫೆಬ್ರವರಿಯಲ್ಲಿ. ಇಬ್ಬರು ಪೊಲೀಸರು ಒಬ್ಬ ಗಾರೆ ಕೆಲಸದವನನ್ನು ಕರೆತಂದಿದ್ದರು. ನಲವತ್ತರ ಆಸುಪಾಸಿನ ನೂಂಗಾರ್ ಮನುಷ್ಯ. ನೂಂಗಾರ್ ಅಂದರೆ ಆ ನೆಲದ ಮೂಲನಿವಾಸಿಗಳು. ಅವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಮಣಿಕಟ್ಟಿನಲ್ಲಿ ಬೇಡಿಯ ಗಾಯ. ಅವನ ಹೆಸರಿನ ಇನ್ಯಾರನ್ನೋ ಹುಡುಕುತ್ತಿದ್ದವರು ಇವನನ್ನು ಹಿಡಿದಿದ್ದರು. ನಾನು ಹೊಲಿಗೆ ಹಾಕುತ್ತಿದ್ದಾಗ ಐವತ್ತು ದಾಟಿದ ಬಿಳಿ ಹೆಂಗಸೊಬ್ಬಳು ಯೂನಿಫಾರ್ಮಿನಲ್ಲಿ ಒಳಗೆ ಬಂದಳು. ಗಿಡ್ಡ ಆಳು, ಬಿಸಿಲಿಗೆ ಸುಟ್ಟ ಮೂಗು. ಅವರ ಠಾಣೆಯ ಮುಖ್ಯಸ್ಥೆ, ಸೀನಿಯರ್ ಸಾರ್ಜೆಂಟ್ ಜೂಲಿ. ಮೊದಲು ರೋಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಅವನ ಮಾತು ಪೂರ್ತಿ ಕೇಳಿದಳು. ಆಮೇಲೆ ಕಾರಿಡಾರಿನಲ್ಲಿ, ನನಗೆ ಕೇಳಿಸುವಷ್ಟು ಹತ್ತಿರದಲ್ಲೇ, ತನ್ನ ಇಬ್ಬರನ್ನು ನಿಲ್ಲಿಸಿಕೊಂಡಳು.

"ಹುಟ್ಟಿದ ತಾರೀಖು ಕೇಳಿದ್ರಾ?"

"ಕೇಳೋಕೆ ಟೈಮ್ ಇರ್ಲಿಲ್ಲ, ಸಾರ್ಜ್."

"ತಾರೀಖು ಕೇಳೋಕೆ ಎಷ್ಟು ಟೈಮ್ ಬೇಕು?"

ಅವಳು ನೋಟ್‌ಬುಕ್ ತೆಗೆದಳು.

"ಯಾರು ಮೊದಲು ಮುಟ್ಟಿದ್ದು? ಅವನಾ, ನೀವಾ?"

"ನಾವು."

"ಹಾಗಾದ್ರೆ ಹಾಗೇ ಬರೀರಿ. ಸಂಜೆ ಓದ್ತೀನಿ. ನಿಮ್ಮ ಎದೆ ಮೇಲಿನ ಕ್ಯಾಮೆರಾ ನೋಡ್ಕೊಂಡೇ ಓದ್ತೀನಿ."

ಅವರು ಹೋದ ಮೇಲೆ ನಾನು ಅವಳನ್ನು ಸ್ವಲ್ಪ ಮೆಚ್ಚುಗೆಯಿಂದ ನೋಡಿರಬೇಕು. ಅವಳಿಗೆ ಅದು ಹಿಡಿಸಲಿಲ್ಲ. "ನನ್ನನ್ನ ದೊಡ್ಡ ಸಂತ ಅಂದ್ಕೋಬೇಡಿ ಡಾಕ್ಟರ್," ಎಂದಳು. "ಆ ಮನುಷ್ಯ ನನ್ನ ನೆಂಟ ಅಲ್ಲ. ನನ್ನ ಜನ ಸುಳ್ಳು ಬರೆಯೋದು ನನಗಾಗಲ್ಲ, ಅಷ್ಟೇ. ಒಂದು ಸಲ ಬಿಟ್ರೆ ಮುಂದಿನ ಸಲ ಕೈ ಇನ್ನೂ ಬೇಗ ಏಳುತ್ತೆ."

ನಮ್ಮ ವಿಭಾಗದಲ್ಲಿ ಮರಿಯಾ ಎಂಬ ನರ್ಸ್ ಇದ್ದಳು. ಫಿಲಿಪೈನ್ಸ್‌ನವಳು, ಅಲ್ಲೇ ಹದಿನಾರು ವರ್ಷ ಸವೆಸಿದವಳು. "ಜೂಲಿ ಬರೋಕೆ ಮುಂಚೆ ನೀವಿಲ್ಲಿ ಇರ್ಬೇಕಿತ್ತು," ಎಂದಳು ಅವತ್ತು. "ಆ ಠಾಣೆಯಿಂದ ಬರೋ ಗಾಯಗಳಿಗೇ ಒಂದು ಟ್ರಾಲಿ ಬೇಕಿತ್ತು. ಈಗ ನೋಡಿ, ಅಪರೂಪ." ಠಾಣೆಯಲ್ಲಿ ಅದೇ ಜನ, ಬೀದಿಗಳೂ ಅವೇ, ಕುಡಿತವೂ ಜಗಳವೂ ಅಷ್ಟೇ. ಬದಲಾದದ್ದು ಸಂಜೆ ಕೂತು ಓದುವವರೊಬ್ಬರು. ನಾನು ಲೆಕ್ಕ ಬರೆದಿಟ್ಟವಳಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ಇನ್ನೊಂದನ್ನೂ ಕಂಡೆ. ಆ ಬಡಾವಣೆಯ ಬೀದಿಯಲ್ಲಿ ನೂಂಗಾರ್ ಜನ ಅಲ್ಲೊಬ್ಬರು ಇಲ್ಲೊಬ್ಬರು. ಪೊಲೀಸರು ಕರೆತಂದು ಮಲಗಿಸುವ ಹಾಸಿಗೆಗಳಲ್ಲಿ ಮಾತ್ರ ಬಹುಪಾಲು ಅವರೇ.

ಜೂನ್‌ನಲ್ಲಿ ಮಳೆ ಹಿಡಿಯಿತು. ಪರ್ತ್‌ನ ಮಳೆ ಚಳಿಗಾಲದ್ದು, ಗಾಳಿಯ ಜೊತೆ ಅಡ್ಡಡ್ಡ ಹೊಡೆಯುವಂಥದ್ದು. ಅಂಥದೊಂದು ದಿನ ಜೂಲಿ ನೆನೆದ ಕೋಟಿನಲ್ಲೇ ಬಂದು ಮರಿಯಾಗೂ ನನಗೂ ಕೈಕುಲುಕಿದಳು. ಅವಳನ್ನು ಉತ್ತರದ ಯಾವುದೋ ಗಣಿ ಊರಿಗೆ ಹಾಕಿದ್ದರು. ತನ್ನ ಸಿಬ್ಬಂದಿಯ ಬೆನ್ನಿಗೆ ನಿಲ್ಲುವುದಿಲ್ಲ ಅಂತ ಅವಳ ಮೇಲೆ ದೂರುಗಳಿದ್ದವಂತೆ. ಅಷ್ಟು ಹೇಳಿ ಹೋದಳು.

ಅವಳ ಜಾಗಕ್ಕೆ ಬಂದವರು ನಮ್ಮವರು.

ಈ 'ನಮ್ಮವರು' ಅನ್ನುವ ಮಾತನ್ನು ಆಗ ನಾನೂ ಬಾಯಿತುಂಬ ಹೇಳಿದ್ದೆ. ಪ್ರಕಾಶ್ ಮೈಸೂರಿನಲ್ಲಿ ಹುಟ್ಟಿದವರು, ಆರನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಪರ್ತ್‌ಗೆ ಬಂದವರು. ಅಪ್ಪ ತೀರಿಕೊಂಡಿದ್ದರು. ತಾಯಿ ಸರೋಜಾ ಆಂಟಿ ಮೋರ್ಲಿಯಲ್ಲೇ ನಮ್ಮಿಂದ ನಾಲ್ಕು ಬೀದಿ ಆಚೆ ಇದ್ದರು. ನಾನು ಬಂದ ಹೊಸದರಲ್ಲಿ ಸಾರಿನ ಪುಡಿ ಕೊಟ್ಟವರು ಅವರೇ, ಜ್ವರ ಬಂದಾಗ ಗಂಜಿ ತಂದವರೂ ಅವರೇ. ಸೆಪ್ಟೆಂಬರಿನಲ್ಲಿ ಕನ್ನಡದವರೆಲ್ಲ ಸೇರಿ ಒಂದು ಶಾಲೆಯ ಹಾಲ್‌ನಲ್ಲಿ ಗಣೇಶನನ್ನು ಕೂರಿಸಿದಾಗ ಪ್ರಕಾಶ್ ಅವರಿಗೆ ಶಾಲು ಹೊದಿಸಿ ಪೇಟ ಇಟ್ಟರು. ಆ ಊರಿನ ಒಂದು ಠಾಣೆಗೆ ನಮ್ಮ ಬಣ್ಣದವನೊಬ್ಬ ಮುಖ್ಯಸ್ಥನಾದದ್ದು ಅದೇ ಮೊದಲು ಅಂತ ಎಲ್ಲರೂ ಹೇಳಿದರು. ಅವರು ತಮ್ಮ ಮುರುಕು ಕನ್ನಡದಲ್ಲಿ ಎರಡು ಮಾತಾಡಿದರು. "ನಾನು ಚಿಕ್ಕವನು ಇದ್ದಾಗ ಈ ಊರಲ್ಲಿ ನನ್ನ ಥರ ಮುಖ ಇರೋ ಪೊಲೀಸ್ ಇರ್ಲಿಲ್ಲ. ಈಗ ಇದ್ದಾನೆ." ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಊಟದ ಸಾಲಿನಲ್ಲಿ ಸುಹಾಸ್ ಅವರನ್ನು ಹಿಡಿದ. ನಮ್ಮ ಪಿಆರ್, ಅಂದರೆ ಆ ದೇಶದಲ್ಲಿ ಕಾಯಂ ಆಗಿ ನೆಲೆಸುವ ವೀಸಾದ, ಅರ್ಜಿಯ ದಾಖಲೆಗಳ ಪ್ರತಿಗೆ ಯಾರಾದರೂ ಅಧಿಕಾರಿ ಸಹಿ ಹಾಕಬೇಕಿತ್ತು. ಮಾರನೇ ದಿನವೇ ಪ್ರಕಾಶ್ ಒಂದೊಂದು ಹಾಳೆಗೂ ಸಹಿ ಹಾಕಿಕೊಟ್ಟರು. ಒಳ್ಳೆಯ ಮನುಷ್ಯ ಅಂದುಕೊಂಡೆವು.

ಆದರೆ ಜುಲೈನಿಂದಲೇ ಗಾಯಗಳು ವಾಪಸ್ ಬರತೊಡಗಿದ್ದವು. ಮೊದಲು ಒಂದು ತರಚಿದ ಮುಖ. ಆಮೇಲೆ ಜಾರಿದ ಭುಜ, ಮುರಿದ ಪಕ್ಕೆಲುಬು. ಜೊತೆಗೆ ಬರುವ ಕಾಗದದಲ್ಲಿ 'ಬಿದ್ದ', 'ಎಡವಿದ', 'ತಾನೇ ಗೋಡೆಗೆ ಹಾಯ್ದುಕೊಂಡ' ಎಂಬ ಪದಗಳು. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂರಲು ಯಾರೂ ಬರುತ್ತಿರಲಿಲ್ಲ. ಒಂದು ಭಾನುವಾರ ಆಂಟಿಯ ಮನೆಯಲ್ಲಿ ನಾನು ಪ್ರಕಾಶ್ ಅವರಿಗೆ ಹೇಳಿಯೇಬಿಟ್ಟೆ. "ಸರ್, ನಿಮ್ಮ ಠಾಣೆಯಿಂದ ಬರೋರಿಗೆ ಈಚೆಗೆ ಏಟು ಜಾಸ್ತಿ ಆಗ್ತಿದೆ." ಅವರು ಟೀ ಲೋಟ ನೋಡುತ್ತ, "ಐ ಟ್ರಸ್ಟ್ ಮೈ ಟೀಮ್, ಚಿತ್ರಾ. ಅವರನ್ನ ನಾನು ನಂಬಿದ್ರೆ ಅವರು ನನ್ನ ನಂಬ್ತಾರೆ," ಎಂದರು. ಮಾತು ಅಲ್ಲಿಗೇ ನಿಂತಿತು. ನಾನೂ ಮುಂದುವರಿಸಲಿಲ್ಲ.

ನವೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ, ನಲವತ್ತು ಡಿಗ್ರಿ ಬಿಸಿಲಿನಲ್ಲಿ, ಇಬ್ಬರು ಪೊಲೀಸರು ಒಬ್ಬ ವಯಸ್ಸಾದ ನೂಂಗಾರ್ ಹೆಂಗಸನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಬಲಗೈ ನೇತಾಡುತ್ತಿತ್ತು. ಹೂವಿನ ಬ್ಲೌಸು ಬೆವರಿಗೆ ಮೈಗಂಟಿತ್ತು. ಕಣ್ಣು ಎಲ್ಲೋ, ಮಾತು ತೊದಲು. "ಕುಡಿದಿದ್ದಾಳೆ. ಸರ್ವೋ ಮುಂದೆ ಬಿದ್ಲು," ಎಂದ ಒಬ್ಬ. ನಾನು ಅವಳ ಮುಖವನ್ನು ಒಮ್ಮೆ ನೋಡಿದೆ. ಫೈಲಿನಲ್ಲಿ 'ಮದ್ಯ ಸೇವನೆ, ಬಿದ್ದು ಗಾಯ' ಎಂದು ಬರೆದೆ. ಇದನ್ನು ನಾನು ಬಚ್ಚಿಡುವುದಿಲ್ಲ. ಉಸಿರು ಮೂಸಲಿಲ್ಲ, ರಕ್ತ ನೋಡಲಿಲ್ಲ. ನಮ್ಮ ಪಾರ್ಟಿಗಳಲ್ಲಿ ಬಿಸಿಬಿಸಿ ಬಜ್ಜಿ ತಿನ್ನುತ್ತ "ಆ ಜನ ಬರೀ ಕುಡೀತಾರೆ ಕಣ್ರೀ" ಎಂದು ಆಡುವ ಮಾತು ಇದೆಯಲ್ಲ, ಅದು ನನ್ನ ಪೆನ್ನಿನ ತುದಿಯಲ್ಲೇ ಕೂತಿತ್ತು.

ಮರಿಯಾ ಬೆರಳು ಚುಚ್ಚಿ ಶುಗರ್ ನೋಡಿದಳು. ನನ್ನತ್ತ ಮೀಟರ್ ತಿರುಗಿಸಿದಳು. ಇನ್ನು ಸ್ವಲ್ಪ ಇಳಿದಿದ್ದರೆ ಪ್ರಜ್ಞೆ ಹೋಗುತ್ತಿತ್ತು.

ಗ್ಲೂಕೋಸ್ ಏರಿಸಿದ ಕೆಲವೇ ನಿಮಿಷಕ್ಕೆ ಗಾಲಿಕುರ್ಚಿಯ ಆ 'ಕುಡುಕಿ' ಹೋಗಿ ಬೇರೆಯೇ ಒಬ್ಬ ಹೆಂಗಸು ಕಣ್ಣು ಬಿಟ್ಟರು. ಮೊದಲು ಕೇಳಿದ್ದು, "ನನ್ನ ಹ್ಯಾಂಡ್‌ಬ್ಯಾಗ್ ಎಲ್ಲಿ?" ಎಂದು. ಹೆಸರು ಗ್ಲೋರಿಯಾ, ಅರವತ್ತೆಂಟು ವರ್ಷ. ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆ. ಮದ್ಯ ಬಿಟ್ಟು ಮೂವತ್ತು ವರ್ಷ.

"ಮಿಸ್ ಗ್ಲೋರಿಯಾ," ಎಂದೆ ನಾನು.

"ಆಂಟಿ ಅನ್ನು. ಎಲ್ಲರೂ ಹಾಗೇ ಅನ್ನೋದು."

ಅವರಲ್ಲೂ ಹಿರಿಯರನ್ನು ಆಂಟಿ, ಅಂಕಲ್ ಅಂತಲೇ ಕರೆಯುತ್ತಾರೆ. ನನಗೆ ಅದು ಆವರೆಗೆ ಗೊತ್ತೇ ಇರಲಿಲ್ಲ.

ಬಸ್ಸಿಳಿದಾಗ ಕೈಕಾಲು ನಡುಗಿತಂತೆ. ಅದು ಅವರಿಗೆ ಪರಿಚಿತ ನಡುಕ. ಪೆಟ್ರೋಲ್ ಬಂಕಿನ, ಅಲ್ಲಿಯವರ ಬಾಯಲ್ಲಿ ಸರ್ವೋ, ಗೋಡೆಯ ನೆರಳಿಗೆ ಕೂತು ಬ್ಯಾಗಿನಲ್ಲಿದ್ದ ಜೆಲ್ಲಿ ಮಿಠಾಯಿ ಹುಡುಕುತ್ತಿದ್ದರು. ಒಳಗಿನವನು ಪೊಲೀಸರಿಗೆ ಫೋನ್ ಮಾಡಿದ. "ಏಳು ಅಂದ್ರು. ನನಗೆ ಕೇಳಿಸ್ತು, ನಾಲಿಗೆ ತಿರುಗ್ಲಿಲ್ಲ. ಕೈ ಬ್ಯಾಗಲ್ಲೇ ಇತ್ತು. ಒಬ್ಬ ಆ ಕೈ ಹಿಡಿದು ಹಿಂದಕ್ಕೆ ತಿರುಚಿದ. ಟಪ್ ಅಂತು. ನಾನು ಬಿದ್ದದ್ದು ಅದಾದ್ಮೇಲೆ ಕಣಮ್ಮ."

ಎಕ್ಸ್‌ರೇ ಬಂತು. ತೋಳಿನ ಮೂಳೆ ಸುರುಳಿ ಸುತ್ತಿದ ಹಾಗೆ ಸೀಳಿತ್ತು. ಅಂಥ ಸೀಳು ತಿರುಚಿದಾಗ ಆಗುವಂಥದ್ದು. ಆ ಮೂಳೆಯನ್ನು ಬಳಸಿಕೊಂಡು ಒಂದು ನರ ಹೋಗುತ್ತದೆ, ಮಣಿಕಟ್ಟನ್ನು ಮೇಲೆತ್ತುವ ನರ. "ಕೈ ಎತ್ತಿ ಆಂಟಿ," ಎಂದೆ. ಮಣಿಕಟ್ಟು ಏಳಲಿಲ್ಲ. ಅವರು ತಮ್ಮ ಕೈಯನ್ನೇ ಯಾರದೋ ಎಂಬಂತೆ ನೋಡಿದರು. "ನಾಳೆ ಮ್ಯಾಚ್ ಇದೆ," ಎಂದರು. ಮೂವತ್ತೊಂದು ವರ್ಷದಿಂದ ಅವರು ತಮ್ಮ ಬಡಾವಣೆಯ ನೆಟ್‌ಬಾಲ್ ಪಂದ್ಯಗಳಿಗೆ ಅಂಪೈರ್. ಸೀಟಿ ಊದಿ, ಚೆಂಡು ಯಾವ ಕಡೆಗೆ ಎಂದು ಬಲಗೈ ನೀಡಿದರೆ ಆ ಕೋರ್ಟಿನಲ್ಲಿ ಎದುರು ಮಾತಾಡಿದವರಿಲ್ಲವಂತೆ.

ನಾನೇ ಪ್ಲಾಸ್ಟರ್ ಹಾಕಿದೆ. ಭುಜದಿಂದ ಮೊಣಕೈ ಸುತ್ತಿ ಮತ್ತೆ ಮೇಲಕ್ಕೆ. ಬಿಳಿ ನೀರು ಅವರ ಹೂವಿನ ಬ್ಲೌಸಿನ ಮೇಲೆ ಸೋರಿತು. ಫೈಲಿನಲ್ಲಿ ಮೊದಲ ಸಾಲಿಗೆ ಗೆರೆ ಎಳೆದು, ನೋಡಿದ್ದನ್ನು ಬರೆದೆ: ಮದ್ಯವಿಲ್ಲ, ಶುಗರ್ ಇಳಿದಿತ್ತು, ಮುರಿತ ತಿರುಚಿದ್ದರಿಂದ ಆದದ್ದು, ರೋಗಿಯ ಹೇಳಿಕೆಗೆ ಹೊಂದುತ್ತದೆ. ಬರೆದು ಸಹಿ ಹಾಕಿದೆ. ಅಷ್ಟು ಹೊತ್ತು ನಾನು ಸರಿಯಾದ ಡಾಕ್ಟರಾಗಿದ್ದೆ.

ಎರಡೇ ದಿನಕ್ಕೆ, ಭಾನುವಾರ, ಸರೋಜಾ ಆಂಟಿ ಫೋನ್ ಮಾಡಿದರು. "ಹಿತ್ತಲಲ್ಲಿ ಹೀರೆಕಾಯಿ ಬಿಟ್ಟಿದೆ ಕಣೆ, ಊಟಕ್ಕೆ ಬನ್ನಿ ಇಬ್ರೂ." ಹೋದೆವು. ಪ್ರಕಾಶ್ ಇದ್ದರು. ಊಟವಾದ ಮೇಲೆ ನನ್ನನ್ನು ಹಿತ್ತಲಿನ ಹೀರೆ ಚಪ್ಪರದ ಕೆಳಗೆ ಕರೆದರು.

"ಆ ಲೇಡಿ ನಿನ್ನೆ ದೂರು ಕೊಟ್ಟಿದ್ದಾಳೆ," ಎಂದರು. "ಅದರ ಜೊತೆ ಇಟ್ಟಿರೋ ನಿನ್ನ ನೋಟ್ಸಲ್ಲಿ ಟ್ವಿಸ್ಟ್ ಅಂತ ಇದೆ."

"ಅದೇ ಆಗಿರೋದು ಸರ್."

"ಬಿದ್ರೆ ಆಗೋದೇ ಇಲ್ವಾ? ಮೆಡಿಕಲಿ?"

ಆಗುತ್ತದೆ. ಕೈ ಊರಿ ವಿಚಿತ್ರವಾಗಿ ಬಿದ್ದರೆ ಹಾಗೆ ಸೀಳುವುದುಂಟು. "ಆಗಬಹುದು," ಎಂದೆ. ಅದೇ ನಾನು ಮಾಡಿದ ತಪ್ಪು.

"ಹಾಗಾದ್ರೆ ಅದನ್ನೂ ಬರೀ. ಸುಳ್ಳು ಬರೀ ಅಂತಿಲ್ಲ ನಾನು."

"ನಿಮ್ಮವರ ಕ್ಯಾಮೆರಾ ಇತ್ತಲ್ಲ? ಸರ್ವೋ ಕ್ಯಾಮೆರಾ ಇರುತ್ತಲ್ಲ?"

"ನಮ್ದು ಆಮೇಲೆ ಆನ್ ಆಗಿದೆ. ಸರ್ವೋದು ಯಾರೂ ಕೇಳಿಲ್ಲ ಇನ್ನೂ."

"ಯಾಕೆ ಕೇಳಿಲ್ಲ? ಜೂಲಿ ಆಗಿದ್ರೆ ಅವತ್ತೇ ಕೇಳ್ತಿದ್ರು."

ಅವರ ಮುಖ ಬದಲಾಯಿತು. ಕನ್ನಡ ಬಿಟ್ಟು ಇಂಗ್ಲಿಷಿಗೆ ಹೊರಳಿದರು, ದನಿ ಮಾತ್ರ ಏರಲಿಲ್ಲ. "ಜೂಲಿ ಕೇಳಿದರೆ ಅವಳು ಸ್ಟ್ರಿಕ್ಟ್ ಅನ್ನುತ್ತಾರೆ. ಅದೇ ಪ್ರಶ್ನೆ ನಾನು ಕೇಳಿದರೆ, ಕರಿಯ ಕರಿಯರ ಪಕ್ಷ ವಹಿಸಿದ ಅನ್ನುತ್ತಾರೆ. ಮೊದಲ ತಿಂಗಳು ಒಂದು ರಿಪೋರ್ಟ್ ವಾಪಸ್ ಕಳಿಸಿದೆ. ಮಾರನೇ ದಿನ ನಾನು ಊಟದ ಕೋಣೆಗೆ ಹೋದರೆ ಎಲ್ಲರೂ ಎದ್ದುಹೋದರು. ಇಪ್ಪತ್ತೈದು ವರ್ಷ ಕಾದು ಈ ಕುರ್ಚಿಗೆ ಬಂದಿದ್ದೇನೆ. ನಾನು ಬಿದ್ದರೆ ನನ್ನ ಹಿಂದೆ ನಮ್ಮವರು ಇನ್ನೊಬ್ಬರು ಬರಲು ಇನ್ನೆಷ್ಟು ವರ್ಷ?"

ಅವರು ಹೇಳಿದ್ದು ನಿಜ ಎಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಬಿಳಿ ಹೆಂಗಸಿಗೆ ಸಿಕ್ಕಿದ ಸ್ವಾತಂತ್ರ್ಯ ಅವರಿಗೆ ಸಿಕ್ಕಿರಲಿಲ್ಲ. ತಾನು ಅವರಲ್ಲೊಬ್ಬ ಎಂದು ದಿನಾ ಸಾಬೀತು ಮಾಡಬೇಕಿತ್ತು. ಆದರೆ ಅದನ್ನು ಸಾಬೀತು ಮಾಡಲು ಖರ್ಚಾಗುತ್ತಿದ್ದದ್ದು ಅವರ ಮೈಯಲ್ಲ, ಗ್ಲೋರಿಯಾ ಆಂಟಿಯಂಥವರ ಮೈ. ಈ ಮಾತು ನನಗೆ ಆ ಚಪ್ಪರದ ಕೆಳಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಆಡುವ ಧೈರ್ಯ ಇರುತ್ತಿತ್ತೋ ಇಲ್ಲವೋ. ಅವರು ವೀಸಾ ಮಾತೆತ್ತಲಿಲ್ಲ, ಸಹಿ ಹಾಕಿದ ಹಾಳೆಗಳ ಮಾತೆತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ. ಒಳಗಿನಿಂದ ಅವರ ತಾಯಿ ನಮಗೆ ಕಟ್ಟಿಕೊಡಲು ಡಬ್ಬಿ ಹುಡುಕುವ ಸದ್ದು ಕೇಳುತ್ತಿತ್ತು.

ಕಾರಿನಲ್ಲಿ ಸುಹಾಸ್‌ಗೆ ಹೇಳಿದೆ. "ಒಂದು ಸಾಲು ತಾನೇ, ಅದೂ ನಿಜಾನೇ ತಾನೇ, ಸೇರಿಸ್ಬಿಡು," ಎಂದ. ಸೋಮವಾರ ಬೆಳಗ್ಗೆ ಫೈಲ್ ತೆರೆದು ಕೊನೆಯಲ್ಲಿ ಸೇರಿಸಿದೆ: 'ಮರುಪರಿಶೀಲನೆಯ ನಂತರ: ಬಿದ್ದಾಗಲೂ ಇಂಥ ಮುರಿತ ಉಂಟಾಗಬಹುದು.' ಮರಿಯಾ ಹಿಂದೆ ನಿಂತು ಓದಿದಳು. ಆಮೇಲೆ ನನ್ನ ವರ್ಷ ಮುಗಿಯುವವರೆಗೂ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದಳು.

ಜನವರಿಯಲ್ಲಿ, ನನ್ನ ಕೊನೆಯ ವಾರ, ಗ್ಲೋರಿಯಾ ಆಂಟಿ ಆಸ್ಪತ್ರೆಯ ಕೌಂಟರಿನಲ್ಲಿ ನನ್ನ ಹೆಸರು ಹೇಳಿಕೊಂಡು ಬಂದರು. ಪ್ಲಾಸ್ಟರ್ ಹೋಗಿತ್ತು, ನೇತಾಡುವ ಮಣಿಕಟ್ಟನ್ನು ಎತ್ತಿ ಹಿಡಿಯುವ ಕಪ್ಪು ಪಟ್ಟಿ ಇತ್ತು. ಎಡಗೈಯಲ್ಲಿ ಒಂದು ಪತ್ರ. ಇಲಾಖೆಯ ಒಳವಿಚಾರಣೆ ಮುಗಿದಿತ್ತು. ಬಲಪ್ರಯೋಗದಿಂದ ಗಾಯವಾಯಿತೆಂದು ಹೇಳಲಾಗದು, ಚಿಕಿತ್ಸೆ ಕೊಟ್ಟ ವೈದ್ಯರೇ ಬಿದ್ದು ಆಗಿರಬಹುದೆಂದು ದಾಖಲಿಸಿದ್ದಾರೆ ಎಂದು ಅದರಲ್ಲಿತ್ತು. ಸರ್ವೋ ಕ್ಯಾಮೆರಾದ ಚಿತ್ರಗಳು ಅಷ್ಟು ಹೊತ್ತಿಗೆ ತಾವಾಗಿಯೇ ಅಳಿಸಿಹೋಗಿದ್ದವು. ಯಾರೂ ಕೇಳಿರಲೇ ಇಲ್ಲ.

"ಇದು ನೀನು ಬರೆದದ್ದಾ?" ಎಂದು ಕೇಳಿದರು.

"ಹೌದು ಆಂಟಿ."

"ನಾನು ನಿನಗೆ ಹೇಳಿದ್ದೆ ಅಲ್ವಾ, ಟಪ್ ಅಂತು ಅಂತ?"

"ಹೇಳಿದ್ರಿ."

"ನಂಬ್ಲಿಲ್ವಾ?"

"ನಂಬಿದ್ದೆ."

ನಂಬಲಿಲ್ಲ ಎಂದಿದ್ದರೆ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. "ಆ ಪೊಲೀಸಿನವನ ಮುಖ ನನಗೆ ಹೊಸದಲ್ಲ," ಎಂದರು. "ಅಂಥವರನ್ನ ನಾನು ಹುಟ್ಟಿದಾಗಿಂದ ನೋಡಿದೀನಿ. ನಿನ್ನ ಮುಖ ನೋಡಿ ಮಾತ್ರ ಸ್ವಲ್ಪ ಧೈರ್ಯ ಬಂದಿತ್ತು." ಪತ್ರ ಮಡಚಿ ಬ್ಯಾಗಿಗೆ ಹಾಕಲು ಹೋದರು. ಒಂದೇ ಕೈಯಲ್ಲಿ ಜಿಪ್ ಬಿಚ್ಚಲಾಗಲಿಲ್ಲ. ನಾನು ಸಹಾಯಕ್ಕೆ ಕೈ ಚಾಚಿದೆ. "ಬೇಡ," ಎಂದರು.

ಫೆಬ್ರವರಿಗೆ ನಾವು ಬ್ರಿಸ್ಬೇನ್‌ಗೆ ಹೋದೆವು. ಸುಹಾಸ್‌ಗೆ ಅಲ್ಲಿ ಕೆಲಸ ಸಿಕ್ಕಿತು ಎಂದು ಎಲ್ಲರಿಗೂ ಹೇಳಿದೆವು. ನಿಜ ಹೇಳಬೇಕೆಂದರೆ ನಾನು ಓಡಿಹೋದೆ. ಇಂಡೂರೂಪಿಲ್ಲಿಯಲ್ಲಿ ಮನೆ. ನದಿ, ಮರಗಳು, ಯೂನಿವರ್ಸಿಟಿಗೆ ಹೋಗುವ ಮಕ್ಕಳ ದಂಡು. ಪಿಆರ್ ಬಂತು, ಕೇಕ್ ತಂದೆವು. ನನ್ನ ಪಾಲು ಫ್ರಿಜ್ಜಿನಲ್ಲೇ ಉಳಿಯಿತು.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಜೂಲಿ. ಕೆಲಸ ಬಿಟ್ಟು ಪರ್ತ್‌ಗೆ ವಾಪಸಾಗಿದ್ದಳು. ಗ್ಲೋರಿಯಾ ಆಂಟಿ ಪಟ್ಟು ಬಿಡದೆ, ಪೊಲೀಸರ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಕಚೇರಿಗೆ ಎರಡನೇ ದೂರು ಕೊಟ್ಟಿದ್ದರು. ಎಡಗೈಯಲ್ಲಿ ಬರೆದ ದೂರು. ಕಾಗದಪತ್ರ ಜೋಡಿಸಲು ಜೂಲಿ ನೆರವಾಗುತ್ತಿದ್ದಳು.

"ಮೊದಲ ನೋಟ್ ಶುಕ್ರವಾರದ್ದು, ಎರಡನೇದು ಸೋಮವಾರದ್ದು," ಎಂದಳು. "ನಡುವೆ ಏನಾಯ್ತು ಡಾಕ್ಟರ್?"

ನಾನು ಅಡುಗೆಮನೆಯ ನೆಲದ ಮೇಲೆ ಕೂತುಕೊಂಡೆ. ಅಲ್ಲೇ ಕೂತು ಎಲ್ಲ ಹೇಳಿದೆ.

"ಇದನ್ನೇ ಪ್ರಮಾಣ ಮಾಡಿ ಹೇಳ್ತೀರಾ? ನಿಮಗೂ ಪೆಟ್ಟು ಬೀಳುತ್ತೆ."

"ಹೇಳ್ತೀನಿ."

ಸುಹಾಸ್ ಎರಡು ದಿನ ಮಾತು ಬಿಟ್ಟ. ಮೂರನೇ ದಿನ, "ಸೇರಿಸು ಅಂದವನು ನಾನು. ಅದನ್ನೂ ಹೇಳು," ಎಂದ. ಇಂಡೂರೂಪಿಲ್ಲಿಯ ಒಬ್ಬ ವಕೀಲರ ಕಚೇರಿಯಲ್ಲಿ ವಿಡಿಯೋ ಪರದೆಯ ಮುಂದೆ ಕೂತು ನಾನು ಮೂರು ತಾಸು ಉತ್ತರ ಕೊಟ್ಟೆ. ಹೀರೆ ಚಪ್ಪರದ ಮಾತನ್ನೂ ಹೇಳಿದೆ, ನಾನು ಮೊದಲು ಬರೆದ 'ಮದ್ಯ ಸೇವನೆ'ಯನ್ನೂ ಹೇಳಿದೆ. ಪರದೆಯ ಒಂದು ಮೂಲೆಯಲ್ಲಿ ಗ್ಲೋರಿಯಾ ಆಂಟಿ ಕಾಣುತ್ತಿದ್ದರು. ಇಡೀ ಹೊತ್ತು ಅಲುಗಾಡಲಿಲ್ಲ.

ತೀರ್ಮಾನ ಬಂದದ್ದು ಎಂಟು ತಿಂಗಳಾದ ಮೇಲೆ, ನಾವು ಅಡಿಲೇಡ್‌ಗೆ ಬಂದಿದ್ದಾಗ. ಬಲಪ್ರಯೋಗ ಅನಗತ್ಯವಾಗಿತ್ತು ಎಂದರು. ತೋಳು ತಿರುಚಿದವನಿಗೆ ಬುದ್ಧಿಮಾತು, ಇನ್ನೊಮ್ಮೆ ತರಬೇತಿ. ಪ್ರಕಾಶ್ ಅವರಿಗೆ ಮೇಲಧಿಕಾರಿಗಳಿಂದ 'ಮಾರ್ಗದರ್ಶನ'. ನನಗೆ ವೈದ್ಯ ಮಂಡಳಿಯಿಂದ ಲಿಖಿತ ಎಚ್ಚರಿಕೆ. ಅದು ನನಗೆ ಸಲ್ಲಬೇಕಾದದ್ದೇ. ಅದಾಗಿ ಆರು ತಿಂಗಳಿಗೆ ಪ್ರಕಾಶ್ ಇನ್ಸ್‌ಪೆಕ್ಟರ್ ಆದರು. ಒಂದು ಠಾಣೆಯಲ್ಲಿ ಯಾರೂ ಪ್ರಶ್ನೆ ಕೇಳದಂತೆ ನೋಡಿಕೊಂಡವರಿಗೆ ಈಗ ಆರು ಠಾಣೆ. ಅವರಿಗೆ ಮೇಲೆ ದಾರಿ ಬಿಟ್ಟವರೆಲ್ಲ ಬಿಳಿಯರು. ಅವರ ಫೋಟೋ ಇಲಾಖೆಯ ಪೋಸ್ಟರಿನಲ್ಲಿ ಬಂತು, ನೋಡಿ ನಮ್ಮಲ್ಲಿ ಎಲ್ಲ ಬಣ್ಣದವರೂ ಇದ್ದಾರೆ ಎಂದು ತೋರಿಸಲು. ಅವರನ್ನು ಬಳಸಿಕೊಂಡದ್ದು ಅವರಿಗೆ ಗೊತ್ತಿಲ್ಲವೇ? ಗೊತ್ತಿದೆ ಎಂದೇ ನನ್ನ ನಂಬಿಕೆ. ಆ ಪೋಸ್ಟರ್ ನೋಡಿದಾಗೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ.

ಗ್ಲೋರಿಯಾ ಆಂಟಿಯ ನರ ಅರ್ಧ ವಾಸಿಯಾಯಿತು, ಇನ್ನರ್ಧ ಆಗಲಿಲ್ಲ. ಎಡಗೈ ನೀಡಿ ಅಂಪೈರ್ ಮಾಡಲು ಹೋದರಂತೆ. ಅವರ ಬಲಗೈಯನ್ನೇ ನೋಡಿ ಅಭ್ಯಾಸವಾದ ಆಟಗಾರರು ಗೊಂದಲಗೊಂಡು ದಿಕ್ಕು ತಪ್ಪಿದರಂತೆ. ಒಂದು ಸೀಸನ್ ನೋಡಿ ಬಿಟ್ಟರು. ಇದನ್ನು ಜೂಲಿ ನನಗೆ ಹೇಳಿದ್ದು. ಆಂಟಿ ನನ್ನೊಡನೆ ಮಾತಾಡಿಲ್ಲ. ನಾನು ಬರೆದ ಎರಡು ಪತ್ರಕ್ಕೂ ಉತ್ತರ ಬಂದಿಲ್ಲ. ಬರಬೇಕಾಗಿಯೂ ಇಲ್ಲ.

ಪರ್ತ್‌ನ ಕನ್ನಡದವರ ವಾಟ್ಸ್ಯಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದರು. ಅದಕ್ಕೆ ನನಗೆ ಬೇಸರವಿಲ್ಲ. ಬೇಸರ ಆದದ್ದು ಸರೋಜಾ ಆಂಟಿ ಫೋನ್ ಮಾಡಿದಾಗ. ತೀರ್ಮಾನ ಬಂದ ವಾರ, ಒಂದು ಮಧ್ಯಾಹ್ನ. ಬೈಯಲಿಲ್ಲ, ಅತ್ತರು. "ನಮ್ಮವನು ಅಂತ ನೋಡ್ಲಿಲ್ಲ ನೀನು. ನನ್ನ ಕೈಯಲ್ಲಿ ಉಂಡವಳು."

ನಾನೂ ತಡೆದುಕೊಳ್ಳಲಿಲ್ಲ. "ಆಂಟಿ, ಪ್ರಕಾಶ್ ಅವರೇ ಯೂನಿಫಾರ್ಮ್ ಇಲ್ದೆ, ಶುಗರ್ ಇಳಿದು, ಮಾತು ಬರದೆ ಆ ಗೋಡೆ ಹತ್ರ ಕೂತಿದ್ದಿದ್ರೆ, ಅವರ ಕೈಯನ್ನೂ ಹಾಗೇ ತಿರುಚ್ತಿದ್ರು. ನಮ್ಮ ಬಣ್ಣ ನೋಡಿ ಬಿಡ್ತಿದ್ರು ಅಂದ್ಕೊಂಡಿದೀರಾ?"

ಆ ಕಡೆ ಅಳು ನಿಂತಿತು.

"ಬಿಡ್ಲಿಲ್ಲ ಕಣೆ," ಎಂದರು ಆಂಟಿ, ತೀರಾ ಸಣ್ಣ ದನಿಯಲ್ಲಿ. "ಅವನಿಗೆ ಹತ್ತೊಂಬತ್ತು ವರ್ಷ ಆಗ. ಕಾಲೇಜಿಂದ ನಡ್ಕೊಂಡು ಬರ್ತಿದ್ದ. ಇನ್ಯಾರೋ ಅಂತ ಪೊಲೀಸ್ನೋರು ಹಿಡಿದು ಎರಡು ಹಲ್ಲು ಮುರಿದ್ರು. ಅವನಪ್ಪ ದೂರು ಕೊಡ್ತೀನಿ ಅಂದ್ರು. ಇಲ್ಲಿರೋಕೆ ಬಂದಿದೀವಿ, ಸುಮ್ನಿರಿ ಅಂತ ನಾನೇ ಅವರ ಬಾಯಿ ಮುಚ್ಚಿಸ್ದೆ. ಅವನು ಆಮೇಲೆ ಪೊಲೀಸ್ ಸೇರ್ದ."

ನನಗೆ ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ.

"ಹಾಗಾದ್ರೆ ಆ ಏಟು ಏನು ಅಂತ ಅವರಿಗೆ ಗೊತ್ತಿತ್ತು," ಎಂದೆ.

"ಗೊತ್ತಿತ್ತು," ಎಂದರು ಆಂಟಿ.